ಓದುಗರ ಪ್ರಶ್ನೆ: ಮೇಲ್ ಮರ್ಜ್ ತಾನಾಗೇ ನಡೀಬೇಕು, ಹೇಗೆ?

ಕಳೆದ ತಿಂಗಳು ಇದೇ ಅಂಕಣದಲ್ಲಿ ಮೇಲ್ ಮರ್ಜ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಎಕ್ಸೆಲ್‌ನಲ್ಲಿ ಹೆಸರು-ವಿಳಾಸದ ಪಟ್ಟಿ, ವರ್ಡ್‌ನಲ್ಲಿ ಒಂದು ಪತ್ರ, ಎರಡನ್ನೂ ಕೂಡಿಸಿದರೆ ಒಬ್ಬೊಬ್ಬರಿಗೂ ಅವರವರ ಹೆಸರಿನ ಪತ್ರ ತಯಾರು ಅಂತ. ಅದಕ್ಕೆ ಬಂದ ಪ್ರಶ್ನೆಗಳೆಲ್ಲ ಅದರ ಮುಂದಿನ ಮೆಟ್ಟಿಲಿನವು. ಪ್ರತಿ ಸಲ ಕೈಯಲ್ಲಿ ಒತ್ತುತ್ತಾ ಕೂರೋದು ಬೇಡ, ನಮ್ಮದೇ ಪ್ರೋಗ್ರಾಂ ಒಳಗಿಂದ ವರ್ಡನ್ನು ಓಡಿಸೋಕಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಈ ತಿಂಗಳು ಪೂರ್ತಿ ಅದೇ.

ಒಂದು ಮಾತು. ಅಚ್ಚಿನಲ್ಲಿ ಕೋಡ್ ಹಾಕಿದರೆ ಒಂದು ಚುಕ್ಕಿ ತಪ್ಪಿದರೂ ನಿಮ್ಮ ಒಂದು ಸಂಜೆ ಹಾಳು. ಅದಕ್ಕೇ ಆದೇಶಗಳ ಹೆಸರನ್ನಷ್ಟೇ ಹೇಳಿದ್ದೇನೆ, ಕನ್ನಡದಲ್ಲೇ. ಎರಡಕ್ಷರ ಟೈಪ್ ಮಾಡಿದರೆ ಉಳಿದದ್ದನ್ನು ವರ್ಡ್‌ನ ಮ್ಯಾಕ್ರೋ ಎಡಿಟರ್ ತಾನೇ ತೋರಿಸುತ್ತೆ.

ಪ್ರಶ್ನೆ: ಸರ್, ನಮ್ಮದು ಸಣ್ಣ ಪತ್ತಿನ ಸಹಕಾರ ಸಂಘ, 1,400 ಸದಸ್ಯರು. ಹಳೇ ವಿಬಿ 6 (ವಿಷುಯಲ್ ಬೇಸಿಕ್ 6) ಭಾಷೆಯ ಪ್ರೋಗ್ರಾಂ ಇದೆ. ಅದಕ್ಕೆ ‘ಮಹಾಸಭೆ ನೋಟಿಸ್’ ಅಂತ ಒಂದು ಬಟನ್ ಸೇರಿಸಿದೆ. ಒತ್ತಿದರೆ ವರ್ಡ್ ತೆರೆದು ಮೇಲ್ ಮರ್ಜ್ ಆಗಬೇಕು. ನನ್ನ ಕಂಪ್ಯೂಟರ್‌ನಲ್ಲಿ ಆಗುತ್ತೆ. ಕಾರ್ಯದರ್ಶಿಯವರ ಕಂಪ್ಯೂಟರ್‌ನಲ್ಲಿ ಒತ್ತಿದರೆ ಸುಮ್ನೆ ನಿಂತುಬಿಡುತ್ತೆ, ತಪ್ಪು ಏನು ಅಂತಲೂ ಹೇಳಲ್ಲ. ಏನು ಮಾಡಲಿ?
ಗುಮಾಸ್ತರು, ತೀರ್ಥಹಳ್ಳಿ

ಉತ್ತರ: ನಿಂತಿಲ್ಲ, ಕಾಯ್ತಾ ಇದೆ. ವರ್ಡ್ ಏನೋ ಒಂದು ಪ್ರಶ್ನೆ ಕೇಳಿದೆ, ಆ ಪ್ರಶ್ನೆಯ ಕಿಟಕಿ ನಿಮಗೆ ಕಾಣಿಸ್ತಿಲ್ಲ. ಯಾಕಂದ್ರೆ ವಿಸಿಬಲ್ ಅನ್ನೋದನ್ನು ಫಾಲ್ಸ್ ಅಂತ ಇಟ್ಟು ನೀವೇ ವರ್ಡನ್ನು ತೆರೆಮರೆಗೆ ಕಳಿಸಿದ್ದೀರಿ. ಮೊದಲು ಅದನ್ನು ಟ್ರೂ ಮಾಡಿ, ಕಾರ್ಯದರ್ಶಿಯವರ ಕಂಪ್ಯೂಟರ್‌ನಲ್ಲೇ ಓಡಿಸಿ ನೋಡಿ. ಅರ್ಧ ಸಮಸ್ಯೆ ಅಲ್ಲೇ ಕಾಣುತ್ತೆ.

ವರ್ಡ್ ಅನ್ನೋದು ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾನೆ ಅಂತ ನಂಬಿಕೊಂಡು ಬರೆದ ತಂತ್ರಾಂಶ. ಉಳಿಸಲಾ, ಬೇಡವಾ, ಈ ಫೈಲ್ ಸಿಗ್ತಿಲ್ಲ ಎಲ್ಲಿದೆ, ಇದು ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಕೇತವಾಗಿ ಇಡೋ ಪದ್ಧತಿ) ಅಂತ ಮಾತುಮಾತಿಗೂ ಕೇಳುತ್ತೆ. ಪ್ರೋಗ್ರಾಂನಿಂದ ಓಡಿಸುವಾಗ ಉತ್ತರ ಹೇಳೋಕೆ ಅಲ್ಲಿ ಯಾರೂ ಇರಲ್ಲ. ಹಾಗಾಗಿ ಅದು ಕೇಳಬಹುದಾದ ಪ್ರತಿ ಪ್ರಶ್ನೆಗೂ ಮೊದಲೇ ಉತ್ತರ ಬರೆದಿಟ್ಟಿರಬೇಕು. ಆಟೊಮೇಷನ್ ಅಂದ್ರೆ ಮುಕ್ಕಾಲು ಪಾಲು ಇದೇ ಕೆಲಸ, ಉಳಿದದ್ದು ಹತ್ತು ಸಾಲಿನ ಕೋಡ್.

ನಿಮ್ಮಲ್ಲಿ ಅಡ್ಡ ಬಂದಿರೋ ಪ್ರಶ್ನೆ ಯಾವುದು ಅಂತ ನನಗೆ ಹೆಚ್ಚುಕಡಿಮೆ ಗೊತ್ತು. ಪತ್ರವನ್ನು ಎಕ್ಸೆಲ್ ಪಟ್ಟಿಗೆ ಜೋಡಿಸಿ ಹಾಗೇ ಉಳಿಸಿದ್ದೀರಿ, ಅಲ್ವಾ? ಅಂಥ ಪತ್ರ ತೆರೆದಾಗಲೆಲ್ಲ ವರ್ಡ್ ‘ಇದನ್ನು ತೆರೆದರೆ ಈ ಎಸ್‌ಕ್ಯೂಎಲ್ ಆದೇಶ ನಡೆಯುತ್ತೆ, ಮುಂದುವರಿಯಲಾ?’ ಅಂತ ಕೇಳುತ್ತೆ. ಎಸ್‌ಕ್ಯೂಎಲ್ ಅಂದ್ರೆ ಪಟ್ಟಿಯಿಂದ ಮಾಹಿತಿ ಕೇಳೋ ಭಾಷೆ. ಈ ಪ್ರಶ್ನೆ ಸುರಕ್ಷತೆಗೆ ಅಂತ ಮೈಕ್ರೋಸಾಫ್ಟ್ ಸೇರಿಸಿದ್ದು. ವಿಂಡೋಸ್‌ನ ಸೆಟ್ಟಿಂಗ್‌ಗಳು ಇರೋ ರಿಜಿಸ್ಟ್ರಿಯಲ್ಲಿ ಎಸ್‌ಕ್ಯೂಎಲ್‌ಸೆಕ್ಯುರಿಟಿಚೆಕ್ ಅನ್ನೋ ಬೆಲೆಯನ್ನು 0 ಮಾಡಿದರೆ ಕೇಳೋದು ನಿಲ್ಲುತ್ತೆ. ನಿಮ್ಮ ಕಂಪ್ಯೂಟರ್‌ನಲ್ಲಿ ನೀವೋ ಬೇರೆ ಯಾರೋ ಎಂದೋ ಅದನ್ನು ಮಾಡಿರಬಹುದು. ಅದಕ್ಕೇ ನಿಮ್ಮಲ್ಲಿ ಓಡುತ್ತೆ, ಅವರಲ್ಲಿ ಓಡಲ್ಲ. ಜೊತೆಗೆ ಪಟ್ಟಿ ಎಲ್ಲಿದೆ ಅನ್ನೋ ಪೂರ್ತಿ ವಿಳಾಸವೂ ಪತ್ರದೊಳಗೇ ಉಳಿದಿರುತ್ತೆ. ನಿಮ್ಮಲ್ಲಿ ಅದು ಡಿ ಡ್ರೈವ್, ಅವರಲ್ಲಿ ಡಿ ಡ್ರೈವೇ ಇಲ್ಲ ಅಂದ್ರೆ ಇನ್ನೊಂದು ಪ್ರಶ್ನೆ.

ರಿಜಿಸ್ಟ್ರಿ ಮುಟ್ಟೋದು ನನಗಿಷ್ಟವಿಲ್ಲ. ಆ ಕಾವಲು ಇರೋದಕ್ಕೆ ಕಾರಣ ಇದೆ, ಎಲ್ಲ ಕಂಪ್ಯೂಟರ್‌ನಲ್ಲೂ ತೆಗೆದು ಕೂರೋದು ಯಾಕೆ? ಅದರ ಬದಲು ಪತ್ರ ತೆರೆದು, ಮೇಲಿಂಗ್ಸ್ ಟ್ಯಾಬ್‌ನಲ್ಲಿ ಸ್ಟಾರ್ಟ್ ಮೇಲ್ ಮರ್ಜ್ ಒತ್ತಿ, ‘ನಾರ್ಮಲ್ ವರ್ಡ್ ಡಾಕ್ಯುಮೆಂಟ್’ ಆರಿಸಿ ಉಳಿಸಿ. ಪಟ್ಟಿಯ ನಂಟು ಕಳಚುತ್ತೆ, ಆದರೆ ಹೆಸರು, ವಿಳಾಸದ ಜಾಗಗಳು ಹಾಗೇ ಇರುತ್ತವೆ. ಪ್ರೋಗ್ರಾಂನಲ್ಲಿ ಪತ್ರ ತೆರೆದ ಮೇಲೆ ಮೇನ್‌ಡಾಕ್ಯುಮೆಂಟ್‌ಟೈಪ್ ಅನ್ನು 0 ಅಂದ್ರೆ ಫಾರ್ಮ್ ಲೆಟರ್ ಅಂತ ಮಾಡಿ, ಓಪನ್‌ಡೇಟಾಸೋರ್ಸ್ ಆದೇಶಕ್ಕೆ ಪಟ್ಟಿಯ ವಿಳಾಸ ಕೊಡಿ. ಎಕ್ಸೆಲ್ ಆದರೆ ಯಾವ ಹಾಳೆ ಅಂತ ಎಸ್‌ಕ್ಯೂಎಲ್‌ಸ್ಟೇಟ್‌ಮೆಂಟ್‌ನಲ್ಲಿ ಹೇಳಬೇಕು. ಹಾಳೆಯ ಹೆಸರಿನ ಕೊನೆಗೆ ಡಾಲರ್ ಗುರುತು, ಸುತ್ತ ಬ್ಯಾಕ್‌ಟಿಕ್ ಗುರುತು. ಕೀಲಿಮಣೆಯಲ್ಲಿ 1ರ ಎಡಕ್ಕಿದೆ ನೋಡಿ, ಅದು. ಮಾಮೂಲಿ ಕೋಟ್ ಅಲ್ಲ. ಹಾಳೆ ಹೇಳದಿದ್ದರೆ ‘ಯಾವ ಹಾಳೆ?’ ಅಂತ ಮತ್ತೆ ಕಿಟಕಿ ತೆರೆದು ಕಾಯುತ್ತೆ. ಆಮೇಲೆ ಡೆಸ್ಟಿನೇಷನ್ 0 ಅಂದ್ರೆ ಹೊಸ ಡಾಕ್ಯುಮೆಂಟ್‌ಗೆ, 1 ಅಂದ್ರೆ ನೇರ ಪ್ರಿಂಟರ್‌ಗೆ. ಕೊನೆಗೆ ಎಕ್ಸಿಕ್ಯೂಟ್, ಅದರ ಪಾಝ್ (ತಪ್ಪು ಸಿಕ್ಕರೆ ನಿಂತು ಕೇಳೋದು) ಅನ್ನೋದನ್ನು ಫಾಲ್ಸ್ ಮಾಡಿ. ಇಷ್ಟೇ.

1,400 ನೋಟಿಸನ್ನು ನೇರ ಪ್ರಿಂಟರ್‌ಗೆ ಕಳಿಸಬೇಡಿ ಅನ್ನೋದು ನನ್ನ ಕಿವಿಮಾತು. ಹೊಸ ಡಾಕ್ಯುಮೆಂಟ್‌ಗೆ ತನ್ನಿ, ನಾಲ್ಕು ಹಾಳೆ ಕಣ್ಣಾಡಿಸಿ, ಆಮೇಲೆ ಪ್ರಿಂಟ್. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಚೇರಿಯಲ್ಲಿ ಎಕ್ಸೆಲ್ ಪಟ್ಟಿಯ ಕೊನೆಯಲ್ಲಿ ಯಾರೋ ಸ್ಪೇಸ್ ಒತ್ತಿ ಬಿಟ್ಟಿದ್ದ ಸಾಲುಗಳಿದ್ದವು. ಕಣ್ಣಿಗೆ ಖಾಲಿ, ವರ್ಡ್‌ಗೆ ಅವೂ ಸದಸ್ಯರೇ. ಹೆಸರಿನ ಜಾಗ ಖಾಲಿ ಇರೋ ನಲವತ್ತು ಪತ್ರ ಅಚ್ಚಾದ ಮೇಲೆ ಗೊತ್ತಾಯ್ತು. ಆ ಹಾಳೆಗಳ ಹಿಂಬದಿಯಲ್ಲಿ ನಾವು ಎರಡು ತಿಂಗಳು ಲೆಕ್ಕ ಬರೆದೆವು.

ಇನ್ನೆರಡು ವಿಷಯ ಇಲ್ಲೇ ಹೇಳಿಬಿಡ್ತೀನಿ. ವಿಬಿ 6ನಲ್ಲಿ ರೆಫರೆನ್ಸ್ ಪಟ್ಟಿಯಲ್ಲಿ ವರ್ಡನ್ನು ಟಿಕ್ ಮಾಡಿದ್ದರೆ, ಹಳೇ ವರ್ಡ್ ಇರೋ ಕಂಪ್ಯೂಟರ್‌ಗೆ ಹೋದಾಗ ಪ್ರೋಗ್ರಾಂ ಕೈಕೊಡಬಹುದು. ಟಿಕ್ ತೆಗೆದು ಕ್ರಿಯೇಟ್‌ಆಬ್ಜೆಕ್ಟ್ ಬಳಸಿ. ಆಗ ವರ್ಡ್‌ನ ಹೆಸರಿಟ್ಟ ಸ್ಥಿರಾಂಕಗಳು ಸಿಗಲ್ಲ, ಅದಕ್ಕೇ ನಾನು ಮೇಲೆ 0, 1 ಅಂತ ಅಂಕಿಯಲ್ಲೇ ಹೇಳಿದ್ದು. ಎರಡನೆಯದು, ಕೆಲಸ ಮುಗಿದ ಮೇಲೆ ವರ್ಡನ್ನು ಮುಚ್ಚೋದು. ಡಾಕ್ಯುಮೆಂಟ್‌ಗಳನ್ನು ‘ಉಳಿಸಬೇಡ’ ಅಂತ ಹೇಳಿ ಮುಚ್ಚಿ, ಕ್ವಿಟ್ ಹೇಳಿ, ವೇರಿಯಬಲ್‌ಗಳನ್ನು ನಥಿಂಗ್ ಮಾಡಿ. ನಡುವೆ ತಪ್ಪಾಗಿ ಪ್ರೋಗ್ರಾಂ ನಿಂತರೂ ಈ ಸಾಲುಗಳು ನಡೆಯೋ ಹಾಗೆ ಎರರ್ ಹ್ಯಾಂಡ್ಲರ್ ಒಳಗೂ ಹಾಕಿ. ಇಲ್ಲದಿದ್ದರೆ ಕಣ್ಣಿಗೆ ಕಾಣದ ವರ್ಡ್‌ಗಳು ಒಂದರ ಮೇಲೊಂದು ಉಳಿದುಬಿಡುತ್ತವೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿ, ನೀವು ಪ್ರಯೋಗ ಮಾಡಿದಷ್ಟು ಸಲದ ವಿನ್‌ವರ್ಡ್ ಅಲ್ಲಿ ಸಾಲಾಗಿ ಕೂತಿರುತ್ತೆ. ಮೆಮೊರಿ ತಿನ್ನೋದಲ್ಲದೆ ಪತ್ರದ ಫೈಲನ್ನೂ ಹಿಡಿದುಕೊಂಡಿರುತ್ತೆ. ಮುಂದಿನ ಸಲ ‘ಈ ಫೈಲ್ ಬೇರೆಯವರು ಬಳಸ್ತಿದ್ದಾರೆ’ ಅನ್ನುತ್ತೆ. ಆ ಬೇರೆಯವರು ನೀವೇ.

ಪ್ರಶ್ನೆ: ಪೋಷಕರ ಸಭೆಗೆ ಕರೆಯೋ ಪತ್ರಗಳನ್ನು ಪೈಥಾನ್‌ನಿಂದ ವರ್ಡ್ ಓಡಿಸಿ ಮಾಡ್ತಿದ್ದೇನೆ. ಪತ್ರದ ಕನ್ನಡ ಚೆನ್ನಾಗಿ ಬರುತ್ತೆ. ಎಕ್ಸೆಲ್‌ನಿಂದ ಬರೋ ಹೆಸರು ಮಾತ್ರ ತಲೆಗೆ ಟೋಪಿ, ಕೆಳಗೆ ಬಾಲ ಇರೋ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗುತ್ತೆ. ಎಕ್ಸೆಲ್‌ನಲ್ಲಿ ನೋಡಿದರೆ ಶುದ್ಧ ಕನ್ನಡ!
ಶಾಲಾ ಶಿಕ್ಷಕಿ, ಹಾವೇರಿ

ಉತ್ತರ: ಮೇಡಂ, ನಿಮ್ಮ ಎಕ್ಸೆಲ್‌ನಲ್ಲಿ ಇರೋದು ಕನ್ನಡ ಅಲ್ಲ. ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ. ಪಟ್ಟಿಯನ್ನು ನುಡಿ ಅಥವಾ ಬರಹ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡೋ ಯುನಿಕೋಡ್ ಬಳಕೆಗೆ ಬರೋ ಮೊದಲು ನಮ್ಮಲ್ಲಿ ನಡೀತಿದ್ದದ್ದು ಹಾಗೇ. ಕಂಪ್ಯೂಟರ್ ಒಳಗೆ ಉಳಿಯೋದು ಲ್ಯಾಟಿನ್ ಅಕ್ಷರದ ಸಂಕೇತ, ಫಾಂಟ್ ಅದರ ಮೇಲೆ ‘ಕ’ದ ಚಿತ್ರ ಹಚ್ಚುತ್ತೆ. ಫಾಂಟ್ ಇರೋವರೆಗೆ ಕನ್ನಡ, ಫಾಂಟ್ ತೆಗೆದರೆ ಬಣ್ಣ ಬಯಲು.

ಮೇಲ್ ಮರ್ಜ್‌ನಲ್ಲಿ ಆಗೋದು ಇದೇ. ಪಟ್ಟಿಯಿಂದ ವರ್ಡ್‌ಗೆ ಬರೋದು ಬರೀ ಅಕ್ಷರ. ಫಾಂಟ್, ಬಣ್ಣ, ದಪ್ಪ ಯಾವುದೂ ಬರಲ್ಲ. ಪತ್ರದಲ್ಲಿ ಆ ಜಾಗಕ್ಕೆ ಯಾವ ಫಾಂಟ್ ಇದೆಯೋ ಅದೇ. ನಿಮ್ಮ ಪತ್ರ ಯುನಿಕೋಡ್, ಅಲ್ಲಿಗೆ ವೇಷ ಕಳಚಿ ಬಂದ ಹೆಸರು ಟೋಪಿ-ಬಾಲದ ಇಂಗ್ಲಿಷ್ ಆಗಿ ಕಾಣುತ್ತೆ.

ಅವಸರಕ್ಕೆ ಒಂದು ದಾರಿ ಇದೆ. ಪತ್ರದಲ್ಲಿ ಹೆಸರಿನ ಜಾಗವನ್ನಷ್ಟೇ ಆಯ್ದು ಅದಕ್ಕೆ ಆ ಹಳೇ ಫಾಂಟ್ ಹಾಕಿ. ಇವತ್ತಿನ ಸಭೆಗೆ ಪತ್ರ ಹೋಗುತ್ತೆ. ಆದರೆ ಸರಿಯಾದ ದಾರಿ ಪಟ್ಟಿಯನ್ನು ಒಮ್ಮೆ ಯುನಿಕೋಡ್‌ಗೆ ಬದಲಿಸೋದು. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಬದಲಿಸಿದ ಮೇಲೆ ಸುಮ್ಮನೆ ನಂಬಬೇಡಿ. ಅರ್ಕಾವತ್ತು ಇರೋ ಹೆಸರುಗಳು, ಅಂದ್ರೆ ಕೀರ್ತಿ, ಅರ್ಜುನ್, ಪಾರ್ವತಿ ಥರದವು, ಒತ್ತಕ್ಷರಕ್ಕೆ ದೀರ್ಘ ಸೇರಿದವು, ಇವನ್ನು ಕಣ್ಣಲ್ಲಿ ನೋಡಿ. ಪರಿವರ್ತಕಗಳು ಎಡವೋದು ಅಲ್ಲೇ. ಇನ್ನೊಂದು ಲಾಭ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸೋಕೆ ಬರುತ್ತೆ. ಹಳೇ ಫಾಂಟ್‌ನ ಪಟ್ಟಿ ಸಾರ್ಟ್ ಮಾಡಿದರೆ ಇಂಗ್ಲಿಷ್ ಸಂಕೇತದ ಕ್ರಮ ಬರುತ್ತಿತ್ತು, ಕಾವ್ಯಾ ಎಲ್ಲಿ ಕೂತಿದ್ದಾಳೆ ಅಂತ ಹುಡುಕಬೇಕಿತ್ತು.

ಎಕ್ಸೆಲ್ ಬದಲು ಸಿಎಸ್‌ವಿ ಫೈಲ್ (ಕಾಮಾ ಹಾಕಿ ಕಾಲಮ್ ಬೇರ್ಪಡಿಸಿದ ಬರೀ ಪಠ್ಯ) ಕೊಡೋ ಯೋಚನೆ ಇದ್ದರೆ ಬೇಡ ಅಂತೀನಿ. ಅದು ಯುಟಿಎಫ್-8 (ಯುನಿಕೋಡ್‌ನ ಒಂದು ಎನ್‌ಕೋಡಿಂಗ್) ಅಂತ ವರ್ಡ್‌ಗೆ ತಾನಾಗಿ ಹೊಳೆಯದೇ ಇರಬಹುದು. ಆಗ ‘ಯಾವ ಎನ್‌ಕೋಡಿಂಗ್’ ಅಂತ ಒಂದು ಕಿಟಕಿ, ‘ಕಾಲಮ್ ಬೇರ್ಪಡಿಸಿರೋದು ಯಾವುದರಿಂದ’ ಅಂತ ಇನ್ನೊಂದು. ತೀರ್ಥಹಳ್ಳಿಯವರ ಕಥೆಯೇ ನಿಮ್ಮದೂ ಆಗುತ್ತೆ.

ಫಾಂಟ್ ವಿಷಯ ಬಂದಿದ್ದಕ್ಕೆ ಇದನ್ನೂ ಕೇಳಿಬಿಡಿ. ಕೋಡ್‌ನಿಂದ ಅಕ್ಷರದ ಗಾತ್ರ ಬದಲಿಸಿದರೆ ಇಂಗ್ಲಿಷ್ ದೊಡ್ಡದಾಗುತ್ತೆ, ಕನ್ನಡ ಇದ್ದಷ್ಟೇ ಇರುತ್ತೆ ಅಂತ ಎಷ್ಟೋ ಜನ ತಲೆ ಕೆರೆದುಕೊಳ್ತಾರೆ. ವರ್ಡ್ ಲೆಕ್ಕದಲ್ಲಿ ಕನ್ನಡ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’. ಅದಕ್ಕೆ ಬೇರೆಯೇ ಗಾತ್ರ, ಬೇರೆಯೇ ಫಾಂಟ್ ಹೆಸರು. ಸೈಜ್ ಅಷ್ಟೇ ಅಲ್ಲ ಸೈಜ್‌ಬೈ ಕೂಡ, ನೇಮ್ ಅಷ್ಟೇ ಅಲ್ಲ ನೇಮ್‌ಬೈ ಕೂಡ ಹೇಳಬೇಕು. ಪತ್ರದಲ್ಲಿ ತುಂಗಾ ಫಾಂಟ್ ಬಳಸಿದ್ದರೆ ಹುಷಾರು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಅದು ಎಲ್ಲ ಕಡೆ ಇತ್ತು. ವಿಂಡೋಸ್ 10ರಲ್ಲಿ ಅದನ್ನು ಐಚ್ಛಿಕ ಫಾಂಟ್‌ಗಳ ಗುಂಪಿಗೆ ಹಾಕಿದ್ದಾರೆ, ಎಲ್ಲ ಕಂಪ್ಯೂಟರ್‌ನಲ್ಲೂ ಇರಲ್ಲ. ಇಲ್ಲದ ಕಡೆ ಬೇರೆ ಫಾಂಟ್ ಕೂರುತ್ತೆ, ಒಂದು ಪುಟದ ಪತ್ರ ಎರಡನೇ ಪುಟಕ್ಕೆ ಒಂದೇ ಒಂದು ಸಾಲು ಇಳಿಸುತ್ತೆ. ಆ ಸಾಲು ಸಾಮಾನ್ಯವಾಗಿ ‘ಮುಖ್ಯೋಪಾಧ್ಯಾಯರು’ ಅಂತಿರುತ್ತೆ.

ಪ್ರಶ್ನೆ: ಸಾಲದ ಬಾಕಿ ನೋಟಿಸ್‌ನಲ್ಲಿ 1234.10 ಇರಬೇಕಾದ ಮೊತ್ತ 1234.0999999999999 ಅಂತ ಬಂತು. ಏಪ್ರಿಲ್ 9 ಇರಬೇಕಾದ ತಾರೀಖು 4/9 ಅಂತ ಬಂತು, ಜನ ಸೆಪ್ಟೆಂಬರ್‌ವರೆಗೂ ಟೈಮಿದೆ ಅಂದುಕೊಂಡ್ರು! ಎಕ್ಸೆಲ್‌ನಲ್ಲಿ ಎಲ್ಲ ಸರಿಯಿದೆ.
ಓದುಗರು, ಗೋಕಾಕ

ಉತ್ತರ: ಬಾಕಿದಾರರು ನಿಮಗೆ ಥ್ಯಾಂಕ್ಸ್ ಹೇಳಿರಬೇಕು.

ಎಕ್ಸೆಲ್‌ನಲ್ಲಿ ನಿಮಗೆ ಕಾಣೋದು ಅಲಂಕಾರ ಮಾಡಿದ ಬೆಲೆ. ಒಳಗಿರೋ ಬೆಲೆ ಬೇರೆ. ವರ್ಡ್ 2002ರಿಂದ ಈಚೆಗೆ ಮೇಲ್ ಮರ್ಜ್ ಎಕ್ಸೆಲ್ ಜೊತೆ ಓಎಲ್‌ಇ ಡಿಬಿ ಅನ್ನೋ ದಾರಿಯಲ್ಲಿ ಮಾತಾಡುತ್ತೆ. ಆ ದಾರಿಯಲ್ಲಿ ಅಲಂಕಾರ ಬರಲ್ಲ, ಒಳಗಿನ ಬೆಲೆಯೇ ಬರುತ್ತೆ. ದಶಮಾಂಶವನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಡೋದರಿಂದ 10 ಪೈಸೆ ಕರಾರುವಾಕ್ಕಾಗಿ ಕೂರಲ್ಲ, ಆ ಚೂರು 0999 ಆಗಿ ಹೊರಗೆ ಇಣುಕುತ್ತೆ. ತಾರೀಖು ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು. ಅದಕ್ಕೂ ಹಿಂದೆ ಡಿಡಿಇ ಅಂತ ದಾರಿಯಿತ್ತು, ಅದರಲ್ಲಿ ಎಕ್ಸೆಲ್‌ನಲ್ಲಿ ಕಂಡ ಹಾಗೇ ಬರುತ್ತಿತ್ತು. ಹಾಗಾಗಿ ‘ಮೊದಲೆಲ್ಲ ಸರಿ ಬರ್ತಿತ್ತು’ ಅಂತ ಹಿರಿಯರು ಹೇಳೋದು ಸುಳ್ಳಲ್ಲ.

ವರ್ಡ್‌ನಲ್ಲೇ ಸರಿಮಾಡೋದಾದರೆ ಪತ್ರ ತೆರೆದು ಆಲ್ಟ್ ಜೊತೆ ಎಫ್9 ಒತ್ತಿ. ಜಾಗಗಳ ಹಿಂದಿರೋ ಮರ್ಜ್‌ಫೀಲ್ಡ್ ಕೋಡ್ ಕಾಣುತ್ತೆ. ತಾರೀಖಿನ ಹೆಸರಿನ ಮುಂದೆ ಬ್ಯಾಕ್‌ಸ್ಲ್ಯಾಶ್, ಅಟ್ ಗುರುತು, ಆಮೇಲೆ ಕೋಟ್ ಒಳಗೆ ಡಿಡಿ-ಎಂಎಂ-ವೈವೈವೈವೈ. ಎಂ ಎರಡೂ ದೊಡ್ಡಕ್ಷರವೇ ಆಗಬೇಕು, ಚಿಕ್ಕಕ್ಷರದ ಎಂ ಅಂದ್ರೆ ವರ್ಡ್‌ಗೆ ನಿಮಿಷ. ತಿಂಗಳಿನ ಜಾಗದಲ್ಲಿ 00 ಬಂದರೆ ಕಾರಣ ಅದೇ. ಮೊತ್ತಕ್ಕೆ ಬ್ಯಾಕ್‌ಸ್ಲ್ಯಾಶ್, ಹ್ಯಾಶ್ ಗುರುತು, ಕೋಟ್ ಒಳಗೆ 0.00.

ಆದರೆ ನೀವು ಪ್ರೋಗ್ರಾಂನಿಂದಲೇ ಮಾಡ್ತಿರೋದರಿಂದ ನಾನು ಇದನ್ನು ಹೇಳಲ್ಲ. ಡೇಟಾಬೇಸ್‌ನಿಂದ ಪಟ್ಟಿ ಬರೆಯೋದು ನಿಮ್ಮ ಪ್ರೋಗ್ರಾಂ ತಾನೇ? ಆಗಲೇ ಎಲ್ಲ ಕಾಲಮನ್ನೂ ಪಠ್ಯವಾಗಿ ಬರೆದುಬಿಡಿ. ತಾರೀಖು ‘09-04-2025’ ಅನ್ನೋ ಅಕ್ಷರ, ಮೊತ್ತ ‘1,25,430.00’ ಅನ್ನೋ ಅಕ್ಷರ. ಲಕ್ಷದ ಕಾಮಾ ನಿಮ್ಮ ಕೈಯಲ್ಲೇ ಇರುತ್ತೆ. ವರ್ಡ್‌ಗೆ ಯೋಚನೆ ಮಾಡೋಕೆ ಏನನ್ನೂ ಬಿಡಬೇಡಿ, ಅಂಟಿಸೋ ಕೆಲಸ ಅಷ್ಟೇ ಅದಕ್ಕಿರಲಿ. ‘ಅಕ್ಷರದಲ್ಲಿ’ ಬರೆಯೋ ಮೊತ್ತವೂ, ‘ಒಂದು ಲಕ್ಷದ ಇಪ್ಪತ್ತೈದು ಸಾವಿರ’ ಅಂತ, ಒಂದು ಕಾಲಮ್ ಆಗಲಿ.

ಪಠ್ಯವಾಗಿ ಬರೆಯೋದರಿಂದ ಇನ್ನೊಂದು ತಲೆನೋವು ತಪ್ಪುತ್ತೆ. ಎಕ್ಸೆಲ್ ಓದೋ ಡ್ರೈವರ್ ಮೊದಲ 8 ಸಾಲು ನೋಡಿ ಈ ಕಾಲಮ್ ಅಂಕಿಯೋ ಅಕ್ಷರವೋ ಅಂತ ತೀರ್ಮಾನ ಮಾಡಿಬಿಡುತ್ತೆ. ಖಾತೆ ನಂಬರ್ 145, 146, 147 ಅಂತ ಎಂಟು ಸಾಲು ಇದ್ದು, ನೂರನೇ ಸಾಲಿನಲ್ಲಿ ‘145/ಎ’ ಬಂದರೆ ಅದು ಮಾಯ. ಯಾರದೋ ಒಬ್ಬರ ನೋಟಿಸ್‌ನಲ್ಲಿ ಮಾತ್ರ ಖಾತೆ ನಂಬರ್ ಇರಲ್ಲ. ನೂರು ಪತ್ರ ಪರೀಕ್ಷೆ ಮಾಡಿದರೂ ಸಿಕ್ಕದೇ ಹೋಗಬಹುದು. ಕೈಯಿಂದ ಎಕ್ಸೆಲ್ ತುಂಬುವವರು ಮನೆ ನಂಬರ್ ಕಡೆಗೂ ನೋಡಬೇಕು. 4-12 ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತೆ. ಡಿಸೆಂಬರ್ 4ರಲ್ಲಿ ವಾಸ ಮಾಡೋರಿಗೆ ಅಂಚೆಯಣ್ಣ ಪತ್ರ ಎಲ್ಲಿಗೆ ಕೊಡಬೇಕು?

ಪ್ರಶ್ನೆ: ಕಾಲೇಜಿನ 600 ವಿದ್ಯಾರ್ಥಿಗಳಿಗೆ ಪ್ರಮಾಣಪತ್ರ. ಒಬ್ಬೊಬ್ಬರಿಗೂ ಬೇರೆ ಪಿಡಿಎಫ್, ಫೈಲಿನ ಹೆಸರು ಅವರ ನೋಂದಣಿ ಸಂಖ್ಯೆ ಆಗಿರಬೇಕು. ವರ್ಡ್ ಎಲ್ಲವನ್ನೂ ಒಂದೇ ಫೈಲ್‌ನಲ್ಲಿ ಕೊಡುತ್ತೆ.
ಉಪನ್ಯಾಸಕರು, ಪುತ್ತೂರು

ಉತ್ತರ: ವರ್ಡ್‌ನಲ್ಲಿ ಇದಕ್ಕೆ ಬಟನ್ ಇಲ್ಲ. ಪ್ರೋಗ್ರಾಂನಲ್ಲಿ ಒಂದು ಲೂಪ್, ಅಂದ್ರೆ ಒಂದೇ ಕೆಲಸ ಮತ್ತೆ ಮತ್ತೆ ಮಾಡೋ ಸಾಲುಗಳು, ಸಾಕು. ಡೇಟಾಸೋರ್ಸ್‌ನಲ್ಲಿ ಫಸ್ಟ್‌ರೆಕಾರ್ಡ್, ಲಾಸ್ಟ್‌ರೆಕಾರ್ಡ್ ಅಂತ ಎರಡಿವೆ. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟು ಎಕ್ಸಿಕ್ಯೂಟ್ ಮಾಡಿದರೆ ಆ ಒಬ್ಬರ ಪತ್ರವಷ್ಟೇ ಹೊಸ ಡಾಕ್ಯುಮೆಂಟ್ ಆಗಿ ಬರುತ್ತೆ. ಅದನ್ನು ಎಕ್ಸ್‌ಪೋರ್ಟ್‌ಆ್ಯಸ್‌ಫಿಕ್ಸ್‌ಡ್‌ಫಾರ್ಮ್ಯಾಟ್‌ಗೆ ಕೊಡಿ, ಪಿಡಿಎಫ್‌ನ ಸಂಖ್ಯೆ 17. ಉಳಿಸದೆ ಮುಚ್ಚಿ, ಮುಂದಿನವರು. ಆ್ಯಕ್ಟಿವ್‌ರೆಕಾರ್ಡ್ ಅನ್ನೂ ಅದೇ ಸಂಖ್ಯೆಗೆ ಇಟ್ಟರೆ ಡೇಟಾಫೀಲ್ಡ್ಸ್‌ನಿಂದ ನೋಂದಣಿ ಸಂಖ್ಯೆ ಓದಬಹುದು. ಇದನ್ನು ಮರೆತರೆ ಸರ್ಟಿಫಿಕೇಟ್ ಒಬ್ಬರದು, ಫೈಲಿನ ಹೆಸರು ಇನ್ನೊಬ್ಬರದು. ನಾನು ಮರೆತಿದ್ದೇನೆ, ಅದಕ್ಕೇ ಹೇಳ್ತಿದ್ದೇನೆ.

ಒಟ್ಟು ಎಷ್ಟು ಅಂತ ರೆಕಾರ್ಡ್‌ಕೌಂಟ್ ಕೇಳಿದರೆ ಕೆಲವು ಪಟ್ಟಿಗಳಿಗೆ -1 ಅನ್ನುತ್ತೆ. ಆಗ ಆ್ಯಕ್ಟಿವ್‌ರೆಕಾರ್ಡ್‌ಗೆ -5 ಕೊಡಿ, ಅಂದ್ರೆ ಕೊನೆಯವರ ಹತ್ತಿರ ಹೋಗು ಅಂತ. ಹೋದ ಮೇಲೆ ಎಷ್ಟನೇ ಸಂಖ್ಯೆ ಅಂತ ಓದಿ. ನೋಂದಣಿ ಸಂಖ್ಯೆಯಲ್ಲಿ ಓರೆಗೆರೆ, ಕೋಲನ್, ಪ್ರಶ್ನಾರ್ಥಕ ಇದ್ದರೆ ತೆಗೆದು ಅಡ್ಡಗೆರೆ ಹಾಕಿ, ವಿಂಡೋಸ್ ಅವನ್ನು ಫೈಲ್ ಹೆಸರಲ್ಲಿ ಒಪ್ಪಲ್ಲ. 600 ಸಲ ಮರ್ಜ್ ಮಾಡೋದು ನಿಧಾನ, ಒಪ್ಪುತ್ತೇನೆ. ಒಂದು ಕಾಫಿ ಕುಡಿದು ಬನ್ನಿ, ಆದರೆ ನೂರಕ್ಕೊಮ್ಮೆ ವರ್ಡನ್ನು ಪೂರ್ತಿ ಮುಚ್ಚಿ ಹೊಸದಾಗಿ ತೆರೆಯೋ ಹಾಗೆ ಬರೆಯಿರಿ. ತುಂಬಾ ಹೊತ್ತು ಓಡಿದ ವರ್ಡ್ ನಿಧಾನ ಆಗ್ತಾ ಹೋಗೋದು ನನ್ನ ಅನುಭವ.

ಪ್ರಶ್ನೆ: ಈ ಮೇಲ್ ಮರ್ಜನ್ನೇ ವೆಬ್‌ಸೈಟ್‌ನಿಂದ ಮಾಡಬೇಕು ಅಂತ ನಮ್ಮ ಮ್ಯಾನೇಜರ್ ಹೇಳ್ತಿದ್ದಾರೆ. ಸರ್ವರ್‌ನಲ್ಲಿ ವರ್ಡ್ ಹಾಕಿ ಸಿ ಶಾರ್ಪ್‌ನಿಂದ ಕರೆದೆ. ಡೆವಲಪ್‌ಮೆಂಟ್‌ನಲ್ಲಿ ಸರಿ, ಸರ್ವರ್‌ನಲ್ಲಿ ಫೈಲೇ ತೆರೆಯಲ್ಲ.
ಟೆಕ್ಕಿ, ಬೆಂಗಳೂರು

ಉತ್ತರ: ಬೇಡ. ಮ್ಯಾನೇಜರ್‌ಗೆ ತೋರಿಸೋಕೆ ಬೇಕಿದ್ದರೆ, ಯಾರೂ ಲಾಗಿನ್ ಆಗಿರದ ಕಡೆ ಆಫೀಸ್ ಆಟೊಮೇಷನ್ ಮಾಡೋದನ್ನು ತಾನು ಶಿಫಾರಸೂ ಮಾಡಲ್ಲ, ಬೆಂಬಲವೂ ಕೊಡಲ್ಲ ಅಂತ ಮೈಕ್ರೋಸಾಫ್ಟೇ ಬರೆದಿಟ್ಟಿದೆ. ಕಾರಣ ಮೊದಲ ಉತ್ತರದಲ್ಲಿ ಹೇಳಿದ್ದೇ. ವರ್ಡ್‌ಗೆ ಒಬ್ಬ ಬಳಕೆದಾರ ಬೇಕು, ಅವನ ಡೆಸ್ಕ್‌ಟಾಪ್ ಬೇಕು, ಪ್ರೊಫೈಲ್ ಬೇಕು. ಸರ್ವರ್‌ನಲ್ಲಿ ಮನುಷ್ಯರಿಲ್ಲದೆ ಪ್ರೋಗ್ರಾಂ ಓಡಿಸೋ ಸರ್ವಿಸ್ ಖಾತೆಗೆ ಇವು ಸರಿಯಾಗಿ ಇರಲ್ಲ. ಸಿಸ್ಟಂ ಪ್ರೊಫೈಲ್ ಒಳಗೆ ಡೆಸ್ಕ್‌ಟಾಪ್ ಅಂತ ಖಾಲಿ ಫೋಲ್ಡರ್ ಮಾಡಿದರೆ ಫೈಲ್ ತೆರೆಯುತ್ತೆ ಅನ್ನೋ ಮನೆಮದ್ದು ನಿಮಗೆ ಸಿಕ್ಕೇ ಸಿಗುತ್ತೆ. ಕೆಲಸ ಮಾಡಿದರೂ ಮಾಡುತ್ತೆ. ಆಮೇಲೆ ಒಂದು ದಿನ ರಾತ್ರಿ ಎರಡು ಗಂಟೆಗೆ ಕಾಣದ ಕಿಟಕಿಯೊಂದು ತೆರೆದುಕೊಂಡು ಎಲ್ಲರ ಪತ್ರವೂ ಅದರ ಹಿಂದೆ ಕ್ಯೂ ನಿಲ್ಲುತ್ತೆ, ಫೋನ್ ನಿಮಗೆ ಬರುತ್ತೆ, ಮ್ಯಾನೇಜರ್‌ಗಲ್ಲ.

ಡಾಕ್ಸ್ ಫೈಲ್ ಅಂದ್ರೆ ಒಂದು ಜಿಪ್, ಒಳಗಿರೋದು ಎಕ್ಸ್‌ಎಂಎಲ್, ಅಂದ್ರೆ ಗುರುತುಗಳ ನಡುವೆ ಬರೆದ ಪಠ್ಯ. ಅದನ್ನು ಬರೆಯೋಕೆ ವರ್ಡ್ ಬೇಕಿಲ್ಲ. ಸಿ ಶಾರ್ಪ್‌ಗೆ ಓಪನ್ ಎಕ್ಸ್‌ಎಂಎಲ್ ಎಸ್‌ಡಿಕೆ ಇದೆ, ಜಾವಾಗೆ ಅಪಾಚೆ ಪಿಒಐ, ಪೈಥಾನ್‌ಗೆ ಡಾಕ್ಸ್‌ಟಿಪಿಎಲ್. ಒಂದೇ ಒಂದು ಗುಂಡಿ ದಾರಿಯಲ್ಲಿದೆ. ನೀವು ಟೆಂಪ್ಲೇಟ್‌ನಲ್ಲಿ ಹೆಸರಿನ ಜಾಗಕ್ಕೆ ಒಂದು ಗುರುತಿನ ಪದ ಬರೆದು ಅದನ್ನು ಹುಡುಕಿ ಬದಲಿಸೋಕೆ ಹೋದರೆ ಕೆಲವೊಮ್ಮೆ ಸಿಗಲ್ಲ. ತಿದ್ದುವಾಗ ವರ್ಡ್ ಆ ಪದವನ್ನು ಎಕ್ಸ್‌ಎಂಎಲ್‌ನಲ್ಲಿ ಎರಡು ಮೂರು ತುಂಡು ಮಾಡಿರುತ್ತೆ. ಕಣ್ಣಿಗೆ ಒಂದೇ ಪದ. ಕಂಟೆಂಟ್ ಕಂಟ್ರೋಲ್ (ವರ್ಡ್‌ನಲ್ಲೇ ಇರೋ, ಹೆಸರಿಡಬಹುದಾದ ಖಾನೆ) ಬಳಸಿ, ಈ ಕಾಟ ಇರಲ್ಲ.

ಪಿಡಿಎಫ್ ಬೇಕಂದರೆ ಲಿಬ್ರೆಆಫೀಸನ್ನು ಹೆಡ್‌ಲೆಸ್ ಆಗಿ, ಅಂದ್ರೆ ಕಿಟಕಿ ತೆರೆಯದೆ, ಓಡಿಸಿ ಪರಿವರ್ತಿಸಿ. ಒಂದೇ ಪ್ರೊಫೈಲ್‌ನಲ್ಲಿ ಎರಡು ಪರಿವರ್ತನೆ ಒಟ್ಟಿಗೆ ನಡೆಸಬೇಡಿ, ಒಂದೊಂದಕ್ಕೂ ಬೇರೆ ಪ್ರೊಫೈಲ್ ಫೋಲ್ಡರ್ ಕೊಡಿ. ನೇರವಾಗಿ ಪಿಡಿಎಫ್ ಬರೆಯೋ ಲೈಬ್ರರಿ ಆರಿಸೋ ಮೊದಲು ‘ಶ್ರೀಕೃಷ್ಣ’ ಅಂತ ಒಂದು ಪದ ಅಚ್ಚು ಹಾಕಿ ನೋಡಿ. ಕನ್ನಡದ ಒತ್ತಕ್ಷರ ಜೋಡಿಸೋಕೆ ಬಾರದ ಲೈಬ್ರರಿಗಳು ತುಂಬಾ ಇವೆ, ಕೃಷ್ಣನನ್ನು ಬಿಡಿಬಿಡಿಯಾಗಿ ಹರವಿಬಿಡುತ್ತವೆ.

ಪ್ರಶ್ನೆ: ವಿಬಿಸ್ಕ್ರಿಪ್ಟ್‌ನಲ್ಲಿ ಬರೆದಿರೋ ನನ್ನ ಮೇಲ್ ಮರ್ಜ್ ಸ್ಕ್ರಿಪ್ಟ್ ಇನ್ನೆಷ್ಟು ದಿನ ಓಡುತ್ತೆ?
ಓದುಗರು, ಮೈಸೂರು

ಉತ್ತರ: ಜಾಸ್ತಿ ದಿನ ಇಲ್ಲ. ವಿಬಿಸ್ಕ್ರಿಪ್ಟನ್ನು ಕೈಬಿಡ್ತೀವಿ ಅಂತ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಈಗ ವಿಂಡೋಸ್ 11ರಲ್ಲಿ ಅದು ಬೇಕಾದರೆ ಇಟ್ಟುಕೊಳ್ಳೋ ಐಚ್ಛಿಕ ಭಾಗ. ಪವರ್‌ಶೆಲ್‌ಗೋ ಪೈಥಾನ್‌ಗೋ ಹೋಗಿ. ವರ್ಡ್‌ನ ಆದೇಶಗಳು ಅವೇ, ಹೇಳೋ ಭಾಷೆ ಮಾತ್ರ ಬೇರೆ. ವರ್ಡ್ ಒಳಗಿನ ಮ್ಯಾಕ್ರೋಗಳ ಭಾಷೆ ವಿಬಿಎ, ಅದು ಬೇರೆ, ಅದಕ್ಕೆ ಈ ಮಾತು ನೇರವಾಗಿ ತಗಲಲ್ಲ.

ಪ್ರಶ್ನೆ: ಪ್ರೋಗ್ರಾಂನಿಂದ ಪ್ರಿಂಟ್ ಕೊಟ್ಟರೆ ಕೊನೆಯ ಕೆಲವು ಪತ್ರ ಬರೋದೇ ಇಲ್ಲ. ಪ್ರಿಂಟರ್ ಸರಿಯಿದೆ.
ಡಿಟಿಪಿ ಅಂಗಡಿ, ಸಿಂಧನೂರು

ಉತ್ತರ: ಪ್ರಿಂಟ್ ಇನ್ನೂ ಹೋಗ್ತಿರುವಾಗಲೇ ನೀವು ವರ್ಡ್‌ಗೆ ಕ್ವಿಟ್ ಹೇಳ್ತಿದ್ದೀರಿ. ಪ್ರಿಂಟ್‌ಔಟ್‌ನಲ್ಲಿ ಬ್ಯಾಕ್‌ಗ್ರೌಂಡ್ ಅನ್ನೋದನ್ನು ಫಾಲ್ಸ್ ಮಾಡಿ. ಪೂರ್ತಿ ಕಳಿಸಿ ಮುಗಿಸೋವರೆಗೆ ಮುಂದಿನ ಸಾಲಿಗೆ ಹೋಗಲ್ಲ. ಮರ್ಜ್‌ನಿಂದ ನೇರ ಪ್ರಿಂಟರ್‌ಗೆ ಕಳಿಸ್ತಿದ್ದರೆ ಆಪ್ಷನ್ಸ್‌ನಲ್ಲಿ ಪ್ರಿಂಟ್‌ಬ್ಯಾಕ್‌ಗ್ರೌಂಡ್ ಫಾಲ್ಸ್ ಮಾಡಿ. ಇವತ್ತು ರಾತ್ರಿ ಅಂಗಡಿ ಮುಚ್ಚೋ ಮುಂಚೆ ಹತ್ತು ಪತ್ರ ಕೊಟ್ಟು ನೋಡಿ, ಹತ್ತೂ ಬರಬೇಕು.